ಮೂಸಿ ನದಿ: ಹರಿವು ತಗ್ಗಿದರೆ ನೀರು ಕೆಡುವುದೇಕೆ? ಬೇಗಂ ಬಜಾರ್‌ನಿಂದ ಕೃಷ್ಣೆಯ ಅಳಿವೆವರೆಗೆ ಒಂದು ನೋಟ

ಹೈದರಾಬಾದ್‌ನ ಬೇಗಂ ಬಜಾರ್ ಹೆಸರು ಕೇಳದವರು ಬೀದರ್, ಕಲಬುರಗಿ, ರಾಯಚೂರು ಭಾಗದಲ್ಲಿ ವಿರಳ. ಒಣಹಣ್ಣು, ಮಸಾಲೆ, ಪಾತ್ರೆ, ಪೂಜಾ ಸಾಮಗ್ರಿಗಳ ಈ ಹಳೆಯ ಸಗಟು ಮಾರುಕಟ್ಟೆಗೆ ಕೂಗಳತೆ ದೂರದಲ್ಲೇ ಮೂಸಿ ನದಿ ಇದೆ. ನದಿಯ ಉತ್ತರ ದಡದಲ್ಲಿ ಬೇಗಂ ಬಜಾರ್ ಮತ್ತು ಅಫ್ಜಲ್‌ಗಂಜ್, ದಕ್ಷಿಣ ದಡದಲ್ಲಿ ಹೈಕೋರ್ಟ್ ಹಾಗೂ ಚಾರ್‌ಮಿನಾರ್ ಕಡೆಯ ಹಳೆ ನಗರ. ನಡುವೆ ವರ್ಷದ ಹೆಚ್ಚಿನ ದಿನ ಕಪ್ಪಾಗಿ, ನಾರುತ್ತಾ ಹರಿಯುವ ನೀರು.

ಈ ಸ್ಥಿತಿಗೆ ಕಾರಣ ಕೇಳಿದರೆ ಸಿಗುವ ಉತ್ತರ ಒಂದೇ: ಕೊಳಚೆ. ಉತ್ತರ ಸರಿ, ಆದರೆ ಅರ್ಧ ಮಾತ್ರ. ನದಿಯ ನೀರು ಎಷ್ಟು ಶುದ್ಧವಾಗಿರುತ್ತದೆ ಎಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ. ಮೊದಲನೆಯದು, ನದಿಗೆ ಏನು ಬಂದು ಬೀಳುತ್ತಿದೆ ಎಂಬುದು. ಎರಡನೆಯದು, ಅದನ್ನು ಬೆರೆಸಿ, ತೆಳುವಾಗಿಸಿ, ಮುಂದಕ್ಕೆ ಒಯ್ಯಲು ನದಿಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬುದು. ಮೂಸಿಯಲ್ಲಿ ಈ ಎರಡೂ ಕೈಕೊಟ್ಟಿವೆ. ನದಿಯನ್ನು ಮತ್ತೆ ಜೀವಂತಗೊಳಿಸುವ ಯೋಜನೆ ಚರ್ಚೆಯಲ್ಲಿರುವಾಗ ಈ ಲೆಕ್ಕ ತಿಳಿದಿರುವುದು ಒಳ್ಳೆಯದು.

ಮೂಸಿ ಹುಟ್ಟುವುದೆಲ್ಲಿ, ಸೇರುವುದೆಲ್ಲಿ?

ಮೂಸಿ ಕೃಷ್ಣಾ ನದಿಯ ಉಪನದಿ. ತೆಲಂಗಾಣದ ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ. ಹೈದರಾಬಾದ್‌ನ ಲಂಗರ್ ಹೌಸ್ ಹತ್ತಿರದ ಬಾಪು ಘಾಟ್‌ನಲ್ಲಿ ಈಸಿ ನದಿ ಇದಕ್ಕೆ ಕೂಡಿಕೊಳ್ಳುತ್ತದೆ. ಅಲ್ಲಿಂದ ಪುರಾನಾ ಪುಲ್, ನಯಾ ಪುಲ್, ಚಾದರ್‌ಘಾಟ್ ದಾಟಿ ಅಂಬರ್‌ಪೇಟೆ, ನಾಗೋಲ್ ಮೂಲಕ ನಗರದಿಂದ ಹೊರಬೀಳುತ್ತದೆ. ಸುಮಾರು 240 ಕಿ.ಮೀ. ಹರಿದ ಬಳಿಕ ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ.

ನಗರಕ್ಕೆ ಬರುವ ಮುನ್ನವೇ ಎರಡೂ ಹೊಳೆಗಳಿಗೆ ಅಣೆಕಟ್ಟೆ ಇದೆ. ಮೂಸಿಗೆ 1920ರಲ್ಲಿ ಕಟ್ಟಿದ ಉಸ್ಮಾನ್ ಸಾಗರ. ಜನ ಇದನ್ನು ಗಂಡಿಪೇಟೆ ಕೆರೆ ಎಂದೂ ಕರೆಯುತ್ತಾರೆ. ಈಸಿಗೆ 1927ರಲ್ಲಿ ಕಟ್ಟಿದ ಹಿಮಾಯತ್ ಸಾಗರ. ಇವೆರಡರ ಸಂಗ್ರಹ ಸಾಮರ್ಥ್ಯ ಕ್ರಮವಾಗಿ 3.9 ಟಿಎಂಸಿ ಮತ್ತು 2.97 ಟಿಎಂಸಿ. ಅಂದರೆ ಎರಡೂ ತುಂಬಿದರೆ ಸುಮಾರು 6.87 ಟಿಎಂಸಿ ನೀರು.

1908ರ ಪ್ರವಾಹ ಮತ್ತು ವಿಶ್ವೇಶ್ವರಯ್ಯ

ಈ ಎರಡು ಜಲಾಶಯಗಳ ಹಿಂದೆ ಒಂದು ದುರಂತವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದ್‌ಗೆ ನುಗ್ಗಿತು. ಅಂದಾಜು 15,000 ಜನ ಪ್ರಾಣ ಕಳೆದುಕೊಂಡರು. ನದಿಯ ಸೇತುವೆಗಳ ಪೈಕಿ ಪುರಾನಾ ಪುಲ್ ಉಳಿದರೆ ಅಫ್ಜಲ್‌ಗಂಜ್, ಮುಸಲ್ಲಂ ಜಂಗ್ ಮತ್ತು ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಬೇಗಂ ಬಜಾರ್ ಪಕ್ಕದ ಅಫ್ಜಲ್‌ಗಂಜ್‌ನಲ್ಲಿ, ಇಂದಿನ ಉಸ್ಮಾನಿಯಾ ಆಸ್ಪತ್ರೆ ಆವರಣದಲ್ಲಿರುವ ಹುಣಸೆ ಮರ ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಆ ಮರ ಇಂದಿಗೂ ಪ್ರವಾಹದ ಸ್ಮಾರಕವೆಂಬಂತೆ ಉಳಿದಿದೆ.

ಆಗ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ ಅವರನ್ನು. ಮುಂಬೈ ಸರ್ಕಾರದ ಸೇವೆಯಿಂದ ಹೊರಬಂದಿದ್ದ ಅವರು 1909ರಲ್ಲಿ ಹೈದರಾಬಾದ್‌ಗೆ ಬಂದರು. ಅವರಿಗೆ ಒಪ್ಪಿಸಿದ ಕೆಲಸ ಮೂರು: ನಗರದ ಪುನರ್ನಿರ್ಮಾಣಕ್ಕೆ ಸಲಹೆ, ಮುಂದೆ ಪ್ರವಾಹ ಬಾರದಂತೆ ರಕ್ಷಣೆ ಮತ್ತು ಹೈದರಾಬಾದ್ ಹಾಗೂ ಚಾದರ್‌ಘಾಟ್‌ಗೆ ಪೂರ್ಣ ಒಳಚರಂಡಿ ಯೋಜನೆ. ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆ ನೀರನ್ನು ತಡೆಹಿಡಿದು, ನಿಧಾನವಾಗಿ ಬಿಡಬೇಕು ಎಂಬುದು ಅವರ ಮುಖ್ಯ ಸಲಹೆ. ಅದೇ ವರ್ಷದ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ತೆರಳಿದರು. ಜಲಾಶಯಗಳು ನಂತರ ಎದ್ದವು.

ಇಲ್ಲಿ ಗಮನಿಸಬೇಕಾದದ್ದು, ನೆರೆ ಮತ್ತು ಒಳಚರಂಡಿ ಎರಡನ್ನೂ ಒಬ್ಬರ ಕೈಗೇ ಕೊಡಲಾಗಿತ್ತು ಎಂಬುದು. ನದಿಗೆ ಮೇಲಿನಿಂದ ಎಷ್ಟು ನೀರು ಬರುತ್ತದೆ, ಪಕ್ಕದಿಂದ ಏನು ಬಂದು ಸೇರುತ್ತದೆ ಎಂಬ ಪ್ರಶ್ನೆಗಳನ್ನು ಬೇರೆ ಮಾಡಲಾಗದು. ಆದರೆ ಮುಂದಿನ ನೂರು ವರ್ಷಗಳಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿದವು. ಜಲಾಶಯಗಳ ನೀರು ನಗರಕ್ಕೆ ಕುಡಿಯಲು ಹೋಯಿತು. ಕುಡಿದ, ತೊಳೆದ, ಬಳಸಿದ ನೀರು ನಾಲೆಗಳ ಮೂಲಕ ನದಿಗೆ ಬಂತು. ಮಳೆಗಾಲ ಬಿಟ್ಟರೆ ಮೂಸಿಯ ಸ್ವಂತ ನೀರು ನಗರದೊಳಗೆ ಹರಿಯುವುದೇ ಕಡಿಮೆಯಾಯಿತು.

ಹರಿವು ಮಾಡುವ ಮೂರು ಕೆಲಸ

ಹರಿಯುವ ನದಿ ತನ್ನ ನೀರನ್ನು ಮೂರು ರೀತಿಯಲ್ಲಿ ಕಾಪಾಡಿಕೊಳ್ಳುತ್ತದೆ.

ಒಂದು, ತೆಳುವಾಗಿಸುವುದು. ಒಂದು ಚೊಂಬು ಉಪ್ಪುನೀರನ್ನು ಬಕೆಟ್ ನೀರಿಗೆ ಸುರಿದರೆ ಉಪ್ಪಿನ ರುಚಿ ತಗ್ಗುವಂತೆ, ಹೆಚ್ಚು ನೀರಿದ್ದಲ್ಲಿ ಕೊಳಚೆಯ ಸಾಂದ್ರತೆ ಇಳಿಯುತ್ತದೆ.

ಎರಡು, ಗಾಳಿ ಬೆರೆಸುವುದು. ಕಲ್ಲುಬಂಡೆಗಳ ಮೇಲೆ ಕುಣಿದು ಸಾಗುವ ನೀರು ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳುತ್ತದೆ. ಆದರೆ ನೀರು ಬೆಚ್ಚಗಿದ್ದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಶುದ್ಧ ನೀರು ಗರಿಷ್ಠ 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಬೇಸಿಗೆಯಲ್ಲಿ ನಿಂತ ನೀರು ಬೇಗ ನಾರುವುದಕ್ಕೆ ಇದೂ ಒಂದು ಕಾರಣ.

ಮೂರು, ಮುಂದಕ್ಕೆ ಒಯ್ಯುವುದು. ಹರಿವು ನಿಧಾನವಾದರೆ ಕೊಳಚೆಯ ಕಣಗಳು ತಳಕ್ಕಿಳಿದು ಹೂಳಾಗುತ್ತವೆ. ಆ ಹೂಳು ಆಮ್ಲಜನಕವಿಲ್ಲದೆ ಕೊಳೆತಾಗ ಬರುವುದೇ ಕೊಳೆತ ಮೊಟ್ಟೆಯ ವಾಸನೆ.

ನೀರಿನ ಮಾಲಿನ್ಯ ಅಳೆಯಲು ಹೆಚ್ಚಾಗಿ ಬಳಸುವ ಮಾನದಂಡ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ. ಒಂದು ಲೀಟರ್ ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಇದು ಹೇಳುತ್ತದೆ. ಭಾರತದ ಮಾನದಂಡದಂತೆ ಸ್ನಾನಕ್ಕೆ ಯೋಗ್ಯವಾದ ನದಿ ನೀರಿನ ಬಿಒಡಿ ಲೀಟರ್‌ಗೆ 3 ಮಿಲಿಗ್ರಾಂ ಮೀರಬಾರದು. ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿದಾಗ, ಮೂಸಿಯನ್ನು ತುರ್ತು ಕ್ರಮ ಬೇಕಾದ ಮೊದಲ ಆದ್ಯತೆಯ ವರ್ಗದಲ್ಲಿ ಸೇರಿಸಿತ್ತು. ಬಿಒಡಿ 30 ಮಿಲಿಗ್ರಾಂ ದಾಟಿದ ನದಿಗಳು ಈ ವರ್ಗಕ್ಕೆ ಬರುತ್ತವೆ.

ಬರೀ ನೀರು ಬಿಟ್ಟರೆ ನದಿ ಶುದ್ಧವಾಗುತ್ತದೆಯೇ?

ಗ್ರೇಟರ್ ಹೈದರಾಬಾದ್ ಪಾಲಿಕೆ ವ್ಯಾಪ್ತಿಯಲ್ಲಿ ದಿನಕ್ಕೆ ಸುಮಾರು 165 ಕೋಟಿ ಲೀಟರ್ ಕೊಳಚೆ ನೀರು ಉತ್ಪತ್ತಿಯಾಗುತ್ತದೆ ಎಂಬುದು ಜಲಮಂಡಳಿಯ ಅಂದಾಜು. ಇದನ್ನು ಹರಿವಿನ ಲೆಕ್ಕಕ್ಕೆ ತಂದರೆ ಸುಮಾರು 675 ಕ್ಯುಸೆಕ್. ಅಂದರೆ ಕೊಳಚೆಯೇ ಒಂದು ಸಣ್ಣ ನದಿ.

ಶುದ್ಧೀಕರಿಸದ ನಗರದ ಕೊಳಚೆಯ ಬಿಒಡಿ ಸಾಮಾನ್ಯವಾಗಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ನದಿಯ ಶುದ್ಧ ನೀರಿನದ್ದು 1 ಎಂದಿಟ್ಟುಕೊಳ್ಳೋಣ. ಎರಡನ್ನೂ ಬೆರೆಸಿ 3ಕ್ಕೆ ತರಬೇಕಾದರೆ ಒಂದು ಪಾಲು ಕೊಳಚೆಗೆ ಸರಿಸುಮಾರು 100 ಪಾಲು ಶುದ್ಧ ನೀರು ಬೇಕು. ಹೈದರಾಬಾದ್‌ನ ಇಡೀ ಕೊಳಚೆಗೆ ಈ ಲೆಕ್ಕ ಹಾಕಿದರೆ ದಿನಕ್ಕೆ 5.8 ಟಿಎಂಸಿ. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎರಡೂ ತುಂಬಿದ್ದರೂ ಒಂದು ದಿನ ಕಳೆದು ಸ್ವಲ್ಪ ಹೊತ್ತಿಗೆ ಬರಿದಾಗುತ್ತವೆ.

ಅದೇ ಕೊಳಚೆಯನ್ನು ಚೆನ್ನಾಗಿ ಶುದ್ಧೀಕರಿಸಿ ಬಿಒಡಿಯನ್ನು 10ಕ್ಕೆ ಇಳಿಸಿ ನದಿಗೆ ಬಿಟ್ಟರೆ ಲೆಕ್ಕವೇ ಬದಲಾಗುತ್ತದೆ. ಆಗ ಒಂದು ಪಾಲಿಗೆ ಮೂರೂವರೆ ಪಾಲು ಶುದ್ಧ ನೀರು ಸಾಕು. ದಿನಕ್ಕೆ ಬೇಕಾಗುವುದು 0.2 ಟಿಎಂಸಿ. ಎರಡು ಜಲಾಶಯಗಳು ಹೆಚ್ಚೂಕಡಿಮೆ ಒಂದು ತಿಂಗಳು ತಾಳುತ್ತವೆ. ಶುದ್ಧೀಕರಣ ಮೊದಲು, ಹರಿವು ನಂತರ ಎಂಬ ತಜ್ಞರ ಮಾತಿನ ಹಿಂದಿರುವುದು ಈ ಸರಳ ಅಂಕಗಣಿತ. ನದಿ ಸಾಗುತ್ತಾ ತಾನಾಗಿ ಶುದ್ಧವಾಗುವ ಪ್ರಮಾಣವನ್ನು ಇಲ್ಲಿ ಸೇರಿಸಿಲ್ಲ. ಸೇರಿಸಿದರೂ ಎರಡರ ನಡುವಿನ ಅಂತರ ಅಳಿಸಿಹೋಗುವುದಿಲ್ಲ.

ಹೈದರಾಬಾದ್‌ನಲ್ಲಿ ಹಳೆಯ 25 ಶುದ್ಧೀಕರಣ ಘಟಕಗಳಿದ್ದು, ಅವುಗಳ ಸಾಮರ್ಥ್ಯ ದಿನಕ್ಕೆ 77.2 ಕೋಟಿ ಲೀಟರ್. ಇವುಗಳಲ್ಲಿ ಅಂಬರ್‌ಪೇಟೆಯದು 33.9 ಕೋಟಿ ಲೀಟರ್‌ನ ದೊಡ್ಡ ಘಟಕ. ಇದರ ಜತೆಗೆ ಸುಮಾರು 126 ಕೋಟಿ ಲೀಟರ್ ಸಾಮರ್ಥ್ಯದ 31 ಹೊಸ ಘಟಕಗಳ ಯೋಜನೆ ಕೈಗೆತ್ತಿಕೊಳ್ಳಲಾಯಿತು. ಕಾಗದದ ಮೇಲೆ ಒಟ್ಟು ಸಾಮರ್ಥ್ಯ ಪಾಲಿಕೆ ವ್ಯಾಪ್ತಿಯ ಕೊಳಚೆಗಿಂತ ಹೆಚ್ಚು. ಆದರೆ ಘಟಕ ಕಟ್ಟಿದರಷ್ಟೇ ಸಾಲದು, ನಾಲೆಗಳ ನೀರು ಅಲ್ಲಿಯವರೆಗೆ ತಲುಪಬೇಕು. ನೂರರಲ್ಲಿ 75 ಪಾಲು ಶುದ್ಧೀಕರಿಸಿ, ಉಳಿದ 25 ಪಾಲು ನೇರ ನದಿಗೆ ಬಿದ್ದರೂ ಬೆರೆತ ನೀರಿನ ಬಿಒಡಿ 55 ದಾಟುತ್ತದೆ. ತಪ್ಪಿಸಿಕೊಂಡ ಕಾಲು ಭಾಗ ಉಳಿದ ಮುಕ್ಕಾಲು ಭಾಗದ ಶ್ರಮವನ್ನು ತಿಂದುಹಾಕುತ್ತದೆ.

ಮಳೆಗಾಲದಲ್ಲಿ ಆಗುವುದೇನು?

ಮೊದಲ ಜೋರು ಮಳೆ ನದಿಯನ್ನು ತಕ್ಷಣ ಶುದ್ಧಗೊಳಿಸುವುದಿಲ್ಲ, ಬದಲಿಗೆ ಇನ್ನಷ್ಟು ಕೆಡಿಸುತ್ತದೆ. ರಸ್ತೆ, ಮಾರುಕಟ್ಟೆ, ಚರಂಡಿಗಳಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕಸವೂ ನದಿತಳದ ಹೂಳೂ ಒಮ್ಮೆಗೇ ಏಳುತ್ತವೆ. ನೀರಿನ ಆಮ್ಲಜನಕ ದಿಢೀರ್ ಕುಸಿಯುತ್ತದೆ. ಇಂಥ ಹೊತ್ತಿನಲ್ಲೇ ಕೆರೆ, ನದಿಗಳಲ್ಲಿ ಮೀನು ಸಾಯುವುದು ಹೆಚ್ಚು. ಮಳೆ ಮುಂದುವರಿದು ಹರಿವು ಏರಿದ ಮೇಲಷ್ಟೇ ನೀರು ತಿಳಿಯಾಗುವ ದಾರಿ ಹಿಡಿಯುತ್ತದೆ.

ಹರಿವು ಮಿತಿ ಮೀರಿದರೆ ಅಪಾಯ ಬೇರೆಯದು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭಾರಿ ಮಳೆಯಿಂದ ಎರಡೂ ಜಲಾಶಯಗಳ ಗೇಟ್ ತೆರೆದಾಗ ಮೂಸಿ ಉಕ್ಕಿ, ಬೇಗಂ ಬಜಾರ್‌ಗೆ ಹತ್ತಿರದ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ನೀರು ನುಗ್ಗಿತು. ವರ್ಷದ ಬಹುಪಾಲು ನೀರಿಲ್ಲದ ನದಿ ಕೆಲವೇ ದಿನ ತನ್ನ ಪೂರ್ಣ ಅಗಲ ಕೇಳುತ್ತದೆ. ಆ ಜಾಗದಲ್ಲಿ ಮನೆ, ಗೋದಾಮು, ರಸ್ತೆಗಳಿದ್ದರೆ ನೀರಿಗೆ ಬೇರೆ ದಾರಿ ಇರುವುದಿಲ್ಲ.

ನಗರ ದಾಟಿದ ಮೇಲೆ

ಹೈದರಾಬಾದ್‌ನ ಕೆಳಗೆ ಮೂಸಿಗೆ ಅಡ್ಡಲಾಗಿ ಹಳೆಯ ಒಡ್ಡುಗಳಿವೆ. ಅಲ್ಲಿಂದ ಕಾಲುವೆಗಳ ಮೂಲಕ ನೀರು ಹೊಲಗಳಿಗೆ ಹೋಗುತ್ತದೆ. ಭತ್ತ ಮತ್ತು ಹಸುಗಳ ಮೇವಿನ ಹುಲ್ಲು ಇಲ್ಲಿನ ಮುಖ್ಯ ಬೆಳೆ. ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ಸಂಶೋಧಕರು ನಗರದಿಂದ ಕೆಳಗೆ ಸುಮಾರು 40 ಕಿ.ಮೀ. ಉದ್ದಕ್ಕೂ ನೀರನ್ನು ಪರೀಕ್ಷಿಸಿದ್ದರು. ಕೆಳಗೆ ಹೋದಂತೆ ಬಿಒಡಿ, ರೋಗಕಾರಕ ಬ್ಯಾಕ್ಟೀರಿಯಾ ಮತ್ತು ಜಂತುಹುಳುಗಳ ಮೊಟ್ಟೆ ತಗ್ಗಿದ್ದವು, ಆಮ್ಲಜನಕ ಏರಿತ್ತು. ಒಡ್ಡುಗಳಲ್ಲಿ ನೀರು ನಿಂತು ಕೊಳೆ ತಳಕ್ಕಿಳಿಯುವುದು, ಹೊಲಗಳಲ್ಲಿ ಹರಡಿ ಇಂಗುವುದು ಇದಕ್ಕೆ ಕಾರಣ. ಆದರೆ ನೀರಿನ ಲವಣಾಂಶ ಮಾತ್ರ ಹೆಚ್ಚಿತ್ತು. ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಉಪ್ಪನ್ನು ತಿನ್ನುವವರಿಲ್ಲ.

ನಗರದ ಕೊಳೆಯನ್ನು ಅರಗಿಸುವ ಕೆಲಸವನ್ನು ಹೀಗೆ ಕೆಳಗಿನ ಹಳ್ಳಿಗಳ ಹೊಲಗಳು ಪುಕ್ಕಟೆಯಾಗಿ ಮಾಡುತ್ತಿವೆ. ಅದರ ಬೆಲೆಯನ್ನು ಆ ನೀರಿನಲ್ಲಿ ಕಾಲಿಟ್ಟು ದುಡಿಯುವ ರೈತರು, ಕೃಷಿ ಕಾರ್ಮಿಕರು ತೆರುತ್ತಾರೆ.

ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರಿನ ಹಗ್ಗಜಗ್ಗಾಟ

ವಾಡಪಲ್ಲಿಯಲ್ಲಿ ಕೃಷ್ಣೆಗೆ ಕೂಡಿದ ಮೂಸಿಯ ನೀರು ಪುಲಿಚಿಂತಲ ಜಲಾಶಯ, ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿದರೆ ಸೇರುವುದು ಬಂಗಾಳ ಕೊಲ್ಲಿಯನ್ನು. ಹಂಸಲದೀವಿ ಬಳಿ ನದಿ ಸಮುದ್ರ ಸೇರುವ ಅಳಿವೆ ಪ್ರದೇಶವಿದೆ. ಅಲ್ಲಿ ಹರಿವಿನ ಪಾತ್ರ ಇನ್ನೂ ದೊಡ್ಡದು, ಏಕೆಂದರೆ ಎದುರಿಗೆ ಸಮುದ್ರ ನಿಂತಿರುತ್ತದೆ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹೀಗಾಗಿ ಅದು ಸಿಹಿನೀರಿಗಿಂತ ಭಾರ. ನದಿ ರಭಸವಾಗಿ ಬಂದು ಉಬ್ಬರ ದುರ್ಬಲವಾಗಿದ್ದರೆ ಸಿಹಿನೀರು ಮೇಲೆ, ಉಪ್ಪುನೀರು ಬೆಣೆಯಂತೆ ಅಡಿಯಲ್ಲಿ ಎರಡು ಪದರಗಳಾಗಿ ನಿಲ್ಲುತ್ತವೆ. ಆಗ ಮೇಲಿನ ಗಾಳಿ ಕೆಳಗಿನ ಪದರಕ್ಕೆ ತಲುಪುವುದಿಲ್ಲ. ತಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಉಬ್ಬರ ಇಳಿತ ಬಲವಾಗಿದ್ದು ನದಿ ಹರಿವು ಸಣ್ಣದಾದರೆ ಮೇಲಿನಿಂದ ತಳದವರೆಗೆ ನೀರು ಚೆನ್ನಾಗಿ ಬೆರೆಯುತ್ತದೆ. ಆದರೆ ಉಪ್ಪು ಒಳನಾಡಿನತ್ತ ದೂರ ಸಾಗುತ್ತದೆ. ಹೆಚ್ಚಿನ ಅಳಿವೆಗಳು ಇವೆರಡರ ನಡುವೆ ಋತುವಿಗೆ ತಕ್ಕಂತೆ ಓಲಾಡುತ್ತವೆ.

ಹರಿವು ತಗ್ಗಿದಾಗ ಇನ್ನೊಂದು ತೊಂದರೆ ಇದೆ. ಅಳಿವೆಯ ನೀರು ಹೊರಹೋಗಲು ತೆಗೆದುಕೊಳ್ಳುವ ಸಮಯ ಹೆಚ್ಚುತ್ತದೆ. ಕೊಳಚೆ ಮತ್ತು ಗೊಬ್ಬರದ ಸಾರಜನಕ, ರಂಜಕ ಅಲ್ಲೇ ಉಳಿದು ಪಾಚಿ ಬೆಳೆಯುತ್ತದೆ. ಪಾಚಿ ಸತ್ತು ಕೊಳೆತಾಗ ಮತ್ತೆ ಆಮ್ಲಜನಕಕ್ಕೆ ಕೊರತೆ. ಕೃಷ್ಣಾ ಕಣಿವೆಯ ನೀರು ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರಪ್ರದೇಶಗಳ ಜಲಾಶಯ, ಕಾಲುವೆಗಳಲ್ಲಿ ಹಂಚಿಹೋಗುವುದರಿಂದ ಬರದ ವರ್ಷಗಳಲ್ಲಿ ಸಮುದ್ರ ತಲುಪುವುದು ಅತ್ಯಲ್ಪ.

ಕರ್ನಾಟಕ ಕರಾವಳಿ ಹೇಳುವ ಪಾಠ

ಹರಿವು ಕಡಿಮೆಯಾದರೆ ಮಾತ್ರ ತೊಂದರೆಯೇ? ಅಲ್ಲ ಎನ್ನುತ್ತವೆ ಉತ್ತರ ಕನ್ನಡದ ಎರಡು ಅಳಿವೆಗಳು.

ಅಘನಾಶಿನಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಮಳೆಗಾಲದಲ್ಲಿ ಸಿಹಿನೀರು ತುಂಬಿ, ಬೇಸಿಗೆಯಲ್ಲಿ ಉಪ್ಪುನೀರು ಒಳಬರುವ ಹಳೆಯ ಲಯ ಅಲ್ಲಿ ಉಳಿದಿದೆ. ಉಪ್ಪು ತಾಳುವ ಕಗ್ಗ ಭತ್ತ, ಕಾಂಡ್ಲಾ ಗಿಡಗಳು, ನೂರಾರು ಕುಟುಂಬಗಳಿಗೆ ಅನ್ನ ಕೊಡುವ ಚಿಪ್ಪಿಮೀನು ಈ ಲಯವನ್ನೇ ನಂಬಿವೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸರ್ ತಾಣವಾಗಿ ಘೋಷಣೆಯಾಯಿತು.

ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಬಂದ ಬಳಿಕ ವಿದ್ಯುತ್ ಉತ್ಪಾದನೆಗೆ ಬಳಸಿದ ನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಬರುತ್ತದೆ. ಬೇಸಿಗೆಯಲ್ಲಿ ಏರಬೇಕಿದ್ದ ಉಪ್ಪಿನಂಶ ಏರುವುದಿಲ್ಲ. ಉಪ್ಪು ಬೇಕಾದ ಚಿಪ್ಪಿಮೀನುಗಳು ಇದರಿಂದ ಕುಸಿದವು ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಇಲ್ಲಿ ನೀರು ಕೊಳಕಾಗಿದ್ದರಿಂದ ಅಲ್ಲ, ತಪ್ಪು ಕಾಲದಲ್ಲಿ ಹೆಚ್ಚು ಸಿಹಿನೀರು ಬಂದದ್ದರಿಂದ ಬದುಕು ಕೆಟ್ಟಿತು. ಹರಿವಿನಲ್ಲಿ ಪ್ರಮಾಣದಷ್ಟೇ ಕಾಲವೂ ಮುಖ್ಯ.

ಮೂಸಿಗೆ ಗೋದಾವರಿ ನೀರು: ಎಷ್ಟು ಸಾಕು?

ಮೂಸಿ ಅಭಿವೃದ್ಧಿಗಾಗಿಯೇ 2017ರಲ್ಲಿ ನಿಗಮ ರಚನೆಯಾಯಿತು. ನಗರದಲ್ಲಿ ಹರಿಯುವ ಸುಮಾರು 55 ಕಿ.ಮೀ. ಭಾಗ ಅದರ ವ್ಯಾಪ್ತಿಯಲ್ಲಿದೆ. ನದಿಪಾತ್ರದ ಮನೆಗಳ ತೆರವು 2024ರಲ್ಲಿ ದೊಡ್ಡ ವಿವಾದವಾಯಿತು. ಇದರ ಜತೆಗೆ 2025ರ ಸೆಪ್ಟೆಂಬರ್‌ನಲ್ಲಿ ಶಂಕುಸ್ಥಾಪನೆಯಾದ ಗೋದಾವರಿ ಕುಡಿಯುವ ನೀರಿನ ಯೋಜನೆಯ 2 ಮತ್ತು 3ನೇ ಹಂತದಲ್ಲಿ ಮಲ್ಲನ್ನ ಸಾಗರದಿಂದ 20 ಟಿಎಂಸಿ ನೀರು ತರುವ ಉದ್ದೇಶವಿದೆ. ಇದರಲ್ಲಿ 2.5 ಟಿಎಂಸಿಯನ್ನು ಎರಡು ಹಳೆಯ ಜಲಾಶಯಗಳ ಮೂಲಕ ಮೂಸಿಯ ಪುನಶ್ಚೇತನಕ್ಕೆ ಮೀಸಲಿಡಲಾಗಿದೆ.

2.5 ಟಿಎಂಸಿಯನ್ನು ವರ್ಷವಿಡೀ ಸಮನಾಗಿ ಬಿಟ್ಟರೆ ದಿನಕ್ಕೆ ಸುಮಾರು 19.4 ಕೋಟಿ ಲೀಟರ್, ಅಂದರೆ 79 ಕ್ಯುಸೆಕ್. ಕೊಳಚೆ ಪ್ರಮಾಣದ ಎಂಟನೇ ಒಂದು ಭಾಗಕ್ಕೂ ಕಡಿಮೆ. ಇಡೀ ನಗರದ ಕೊಳಚೆಯನ್ನು ಬಿಒಡಿ 10ಕ್ಕೆ ಶುದ್ಧೀಕರಿಸಿ, ಅದಕ್ಕೆ ಈ ನೀರು ಬೆರೆಸಿದರೂ ಬಿಒಡಿ ಇಳಿಯುವುದು 9ರ ಆಸುಪಾಸಿಗೆ. ಹಾಗೆಂದು ಈ ನೀರು ವ್ಯರ್ಥವಲ್ಲ. ಬಾಪು ಘಾಟ್‌ನಿಂದ ಬೇಗಂ ಬಜಾರ್‌ವರೆಗಿನ ಮೇಲ್ಭಾಗದಲ್ಲಿ, ನಾಲೆಗಳನ್ನು ಮೊದಲು ಮುಚ್ಚಿದರೆ ಇಷ್ಟೇ ನೀರು ಕಣ್ಣಿಗೆ ಕಾಣುವ ಬದಲಾವಣೆ ತರಬಲ್ಲದು. ನಾಲೆಗಳನ್ನು ಹಾಗೇ ಬಿಟ್ಟು ಗೋದಾವರಿಯಿಂದ ನೀರೆತ್ತಿ ತಂದು ಹರಿಸಿದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆದ್ದರಿಂದ ಮೂಸಿಯ ಭವಿಷ್ಯ ತಿಳಿಯಬೇಕಾದವರು ನದಿದಂಡೆಯ ಉದ್ಯಾನ, ಸೇತುವೆಗಳ ಚಿತ್ರಗಳಿಗಿಂತ ಮೂರು ಅಂಕಿಗಳನ್ನು ಕೇಳಬೇಕು. ದಿನಕ್ಕೆ ಎಷ್ಟು ಕೊಳಚೆ ಶುದ್ಧೀಕರಣವಾಗದೆ ನದಿಗೆ ಬೀಳುತ್ತಿದೆ? ಬೇಸಿಗೆಯಲ್ಲಿ ಜಲಾಶಯಗಳಿಂದ ನದಿಗೆ ಎಷ್ಟು ಕ್ಯುಸೆಕ್ ಬಿಡಲಾಗುತ್ತಿದೆ? ನಯಾ ಪುಲ್ ಕೆಳಗೆ ಹರಿಯುವ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ? ಮೊದಲನೆಯದು ಇಳಿದು ಉಳಿದೆರಡು ಏರಿದರೆ ನದಿ ಬದುಕುತ್ತಿದೆ ಎಂದರ್ಥ.